ಸುಗುಣಕ್ಕನ ಕಿಟಕಿ ಲೀಗ್

ಡೊಂಬಿವಲಿಯಿಂದಲೇ ಹೊರಡುವ ಬೆಳಗಿನ ಫಾಸ್ಟ್ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಸುಗುಣಕ್ಕ ಹೇಳಿದ್ದೇ ಕಾನೂನು. ರೈಲ್ವೆಯವರಿಗೆ ಇದು ಗೊತ್ತಿಲ್ಲ, ಪಾಪ.

ಮೂವರಿಗೆಂದು ಮಾಡಿದ ಬೆಂಚಿನಲ್ಲಿ ನಾಲ್ವರು ಕೂರುವುದು ನಮ್ಮ ಲೈನಿನ ಪದ್ಧತಿ. ಕಿಟಕಿಯವಳಿಗೆ ಗಾಳಿ, ಒರಗಿಕೊಂಡು ನಿದ್ದೆ, ಮುಂಬ್ರಾ ಖಾಡಿಯ ಹಿನ್ನೀರಿನ ನೋಟ. ನಾಲ್ಕನೆಯವಳಿಗೆ ಅರ್ಧ ಸೊಂಟಕ್ಕಾಗುವಷ್ಟು ಜಾಗ. ಉಳಿದರ್ಧ ದಾರಿಯಲ್ಲಿ ತೂಗಾಡುತ್ತಿರುತ್ತದೆ, ಹೋಗಿ ಬರುವವರ ಬ್ಯಾಗುಗಳೆಲ್ಲ ಅದಕ್ಕೇ ಬಡಿಯುತ್ತವೆ. ಈ ಬೆಂಚಿನ ನಾಲ್ವರು ನಾವು: ಫೋರ್ಟ್ ಪ್ರದೇಶದ ವಿಮಾ ಕಚೇರಿಯ ಸುಗುಣಕ್ಕ, ಬ್ಯಾಂಕಿನ ಅಪರ್ಣಾ, ಇಲ್ಲೇ ಹುಟ್ಟಿ ಬೆಳೆದು ಕನ್ನಡಕ್ಕೆ ಹಿಂದಿಯಲ್ಲೇ ಉತ್ತರ ಕೊಡುವ ಅಶ್ಮಿತಾ, ಮತ್ತೆ ವಿನೋದಾ ಎಂಬ ನಾನು. ಯಾರು ಎಲ್ಲಿ ಕೂರಬೇಕೆಂದು ಮೊದಲೆಲ್ಲ ದಿನಾ ಜಗಳವಾಗುತ್ತಿತ್ತು. ಆ ಜಗಳವನ್ನು ಬಿಡಿಸಿದ್ದು ಇಂಗ್ಲೆಂಡಿನ ಫುಟ್‌ಬಾಲ್.

ನಮ್ಮ ಫೋನುಗಳಿಗೆಲ್ಲ ಫುಟ್‌ಬಾಲಿನ ಆಪ್ ಒಂದನ್ನು ಹಾಕಿಕೊಟ್ಟವಳು ಅಶ್ಮಿತಾ. ಅಲ್ಲಿನ ಕ್ಲಬ್ಬುಗಳ ಆಟಗಾರರನ್ನು ಆರಿಸಿ ನಮ್ಮದೊಂದು ತಂಡ ಮಾಡಿಕೊಳ್ಳಬೇಕು. ವಾರಾಂತ್ಯದ ನಿಜವಾದ ಪಂದ್ಯದಲ್ಲಿ ಅವರು ಆಡಿದ ಹಾಗೆ ನಮಗೆ ಅಂಕ. ಕ್ಯಾಪ್ಟನ್ ಮಾಡಿದವನ ಅಂಕ ಎರಡು ಪಟ್ಟು. ಮೊದಲ ಪಂದ್ಯಕ್ಕೆ ಒಂದೂವರೆ ಗಂಟೆ ಮುಂಚೆ ಬಾಗಿಲು ಬಂದ್, ಆಮೇಲೆ ತಂಡದಲ್ಲಿ ಒಂದು ಕೂದಲೂ ಅಲ್ಲಾಡುವಂತಿಲ್ಲ. ವಾರ ಗೆದ್ದವಳಿಗೆ ಮುಂದಿನ ವಾರವೆಲ್ಲ ಕಿಟಕಿ, ಕೊನೆಗೆ ಬಂದವಳಿಗೆ ನಾಲ್ಕನೆಯ ಜಾಗ. ಒಂದಿಡೀ ಪಂದ್ಯ ನೋಡಿದವಳು ನಮ್ಮಲ್ಲಿ ಒಬ್ಬಳೂ ಇಲ್ಲ. ಆಟಗಾರರ ಹೆಸರಿಗೆ ನಾಲಗೆ ಹೊರಳುವುದಿಲ್ಲವೆಂದು ನಾವೇ ಹೆಸರಿಟ್ಟಿದ್ದೆವು. ಒಬ್ಬ ಉದ್ದ ಕೂದಲಿನವ, ಒಬ್ಬ ಮೊಣಕಾಲು ನೋವಿನವ, ಇನ್ನೊಬ್ಬ ಅಳುಮುಂಜಿ.

ಲೀಗಿನ ಯಜಮಾನಿಕೆಯನ್ನು ಸುಗುಣಕ್ಕ ಯಾರನ್ನೂ ಕೇಳದೆ ವಹಿಸಿಕೊಂಡರು. ಕಾಪುವಿನಿಂದ ಮದುವೆಯಾಗಿ ಬಂದ ಮರುವರ್ಷದಿಂದ ಇದೇ ಲೈನಿನಲ್ಲಿ ಓಡಾಡಿದ ಹೆಂಗಸು, ಅವರಿಗೆ ಯಾರು ಎದುರಾಡುತ್ತಾರೆ? ಅವರ ಗಂಡ ಹೃಷೀಕೇಶಣ್ಣ ಹೋಟೆಲ್ ಮ್ಯಾನೇಜರು. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಗುಡುಗುವ ಅವರೂ ಮನೆಯಲ್ಲಿ ಹೆಂಡತಿ ಹೇಳಿದ ಹೊತ್ತಿಗೆ ಉಂಡು ಕೈ ತೊಳೆಯುತ್ತಾರೆ.

ಒಮ್ಮೆ ಕಿಟಕಿ ಗೆದ್ದಿದ್ದ ಅಶ್ಮಿತಾ ಗಾಡಿ ಹೊರಟ ಮೇಲೆ ಓಡಿ ಹತ್ತಿ ಏದುಸಿರು ಬಿಡುತ್ತ ಬಂದಳು. ಆ ಜಾಗ ಯಾರದೆಂದು ದೊಡ್ಡ ರಾದ್ಧಾಂತವಾಯಿತು. ಸುಗುಣಕ್ಕ ಅಲ್ಲೇ ನಿಯಮ ಹೊರಡಿಸಿದರು.

“ನೋಡಿ, ಗಾಡಿ ಅಲ್ಲಾಡುವ ಹೊತ್ತಿಗೆ ಕಿಟಕಿಯವಳು ಕೂತಿರ್ಬೇಕು. ಇಲ್ಲದಿದ್ರೆ ಕಿಟಕಿ ನಾಲ್ಕನೆಯವಳಿಗೆ. ಲೇಟ್ ಆದವಳು ಅವಳ ಜಾಗಕ್ಕೆ. ಆಪಿಗೆ ಡೆಡ್‌ಲೈನ್ ಉಂಟಲ್ಲ, ಬೆಂಚಿಗೂ ಉಂಟು.”

“ಆಂಟಿ, ಯೇ ತೋ ಜ್ಯಾದತೀ ಹೈ,” ಎಂದು ಅನ್ಯಾಯದ ದೂರು ಗೊಣಗುತ್ತಲೇ ಅಶ್ಮಿತಾ ಅರ್ಧ ಸೊಂಟ ಊರಿದಳು.

ಜನವರಿಯ ಒಂದು ಶನಿವಾರ ನಾಲ್ವರೂ ದಾದರಿಗೆ ಸೀರೆ ಕೊಳ್ಳಲು ಹೋಗಿದ್ದೆವು. ವಾಪಸು ಬರುವಾಗ ಡಬ್ಬಿಯಲ್ಲಿ ಉಸಿರಾಡಲೂ ಸರದಿ ಕಾಯಬೇಕು. ನಾವು ಮೂವರು ತಂಡ ಸೇವ್ ಮಾಡಿಯಾಗಿತ್ತು. ಅಪರ್ಣಾ ಮಾತ್ರ ಕ್ಯಾಪ್ಟನ್ ಯಾರೆಂದು ತೂಗುತ್ತಲೇ ಇದ್ದಳು. ನಿರ್ಧಾರಕ್ಕೆ ಬರುವಷ್ಟರಲ್ಲಿ ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಇನ್ನೊಂದು ಸೀರೆ ಚೀಲದ ಜೊತೆ ಯಾರದೋ ಬೆನ್ನಿನ ಹಿಂದೆ. ಫೋನು ಪರ್ಸಿನಲ್ಲಿ, ಪರ್ಸು ಎಲ್ಲಿದೆಯೋ ದೇವರಿಗೇ ಗೊತ್ತು. ಸಮಯ ಮೀರುತ್ತಿತ್ತು. ಹುಡುಗಿ ಬೇರೆ ದಾರಿ ಕಾಣದೆ ಬಾಗಿಲ ಬಳಿಯಿದ್ದ ಸುಗುಣಕ್ಕನಿಗೆ ಕೇಳಿಸಲೆಂದು ಗಂಟಲು ಹರಿಯುವಂತೆ ಕೂಗಿದಳು:

“ಅಕ್ಕಾ! ನಂಗೆ ಉದ್ದ ಕೂದಲಿನವನೇ! ಈಗ್ಲೇ ಹೇಳಿದ್ದೇನೆ, ಉದ್ದ ಕೂದಲಿನವ!”

ನಡುವೆ ಸಿಕ್ಕಿಕೊಂಡಿದ್ದ ಒಬ್ಬ ಹೆಂಗಸು ಅದನ್ನು ಮದುವೆ ಸಂಬಂಧದ ಮಾತೆಂದುಕೊಂಡು, “ಶಾದಿ ಕಬ್ ಹೈ?” ಎಂದು ವಿಚಾರಿಸಿದಳು.

ಉದ್ದ ಕೂದಲಿನವ ಮೂರು ಗೋಲು ಹೊಡೆದ. ಅಪರ್ಣಾಳ ಕೂಗು ಲೆಕ್ಕಕ್ಕೆ ಬಂದಿದ್ದರೆ ಅವಳು ಮೊದಲು. ಬಾರದಿದ್ದರೆ ಕೊನೆ. ಆಪ್ ಅಂತೂ ಕೂಗು ಕೇಳುವುದಿಲ್ಲ. ಆದರೆ ಬೆಂಚು ನಮ್ಮದಲ್ಲವೇ, ನಾವಾದರೂ ಕೇಳಬಹುದಲ್ಲ ಎಂದು ನಾನೇ ವಾದ ಹೂಡಿದೆ.

“ನಂಗೆ ಕೂಗು ಕೇಳ್ಲೇ ಇಲ್ಲ,” ಎಂದರು ಸುಗುಣಕ್ಕ. “ಕೇಳಿದ್ರೂ ಲೆಕ್ಕಕ್ಕಿಲ್ಲ. ಡೆಡ್‌ಲೈನ್ ಅಂದ್ರೆ ಡೆಡ್‌ಲೈನ್. ಕೈ ಎತ್ಲಿಕ್ಕೆ ಆಗೂದಿಲ್ಲ ಅಂತಾದ್ರೆ ಕೈ ಖಾಲಿ ಇರುವಾಗ ಮಾಡ್ಬೇಕಿತ್ತು.”

ನನಗೆ ನಿಜವಾಗಿಯೂ ಸಿಟ್ಟು ಬಂತು. ಆ ಕೂಗು ಕೇಳದವರು ಆ ಡಬ್ಬಿಯಲ್ಲಿ ಯಾರಿದ್ದರು? ಅಪರ್ಣಾ ವಾರವಿಡೀ ನಾಲ್ಕನೆಯ ಜಾಗದಲ್ಲಿ ತೂಗಾಡಿದಳು.

ಏಪ್ರಿಲ್‌ನಲ್ಲಿ ಸುಗುಣಕ್ಕನ ನಿವೃತ್ತಿ. ಉಳಿದ ರಜೆಯನ್ನೆಲ್ಲ ಸೇರಿಸಿದರೆ ತಿಂಗಳ ನಡುವಿನಲ್ಲೇ ಅವರ ಲೋಕಲ್ ಮುಗಿಯುವುದಿತ್ತು. “ಕೊನೇ ವಾರ ನಾನು ಕಿಟಕೀಲೇ ಕೂತು ಹೋಗ್ಬೇಕು ಮಾರಾಯ್ತಿ,” ಎಂದು ನನ್ನ ಹತ್ತಿರ ಒಮ್ಮೆ ಹೇಳಿದ್ದರು. “ಯಾರೋ ಬಿಟ್ಟುಕೊಟ್ಟದ್ದಲ್ಲ, ಗೆದ್ದದ್ದು.” ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ಸುಗುಣಕ್ಕನ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಾರ್ಚ್ ತಿಂಗಳಿಡೀ ಗೆದ್ದದ್ದು ಅವರೇ, ಹಾಗಾಗಿ ಆಸೆ ದೊಡ್ಡದೇನೂ ಆಗಿರಲಿಲ್ಲ.

ಶನಿವಾರ ಮಧ್ಯಾಹ್ನ ಅವರಿಗೆ ಭಜನಾ ಮಂಡಳಿಯ ಅಭ್ಯಾಸ. ಅಲ್ಲೂ ಅವರದೇ ಒಂದು ನಿಯಮ: ಎಲ್ಲರ ಮೊಬೈಲೂ ಹರಿವಾಣದಲ್ಲಿ, ಮಂಗಳಾರತಿ ಆಗುವವರೆಗೆ ಮುಟ್ಟುವಂತಿಲ್ಲ. ದಾದರಿಗೆ ಹೋದ ಆ ಒಂದು ಶನಿವಾರ ಬಿಟ್ಟರೆ ಚಳಿಗಾಲವಿಡೀ ಅವರು ಮಂಗಳಾರತಿ ಮುಗಿಸಿ, ಕಾಫಿ ಕುಡಿದು, ಯಾರ ಮೊಣಕಾಲು ಹೇಗಿದೆ ಎಂದು ಕೊನೆಯ ಸುದ್ದಿ ಓದಿಯೇ ತಂಡ ಸೇವ್ ಮಾಡುತ್ತಿದ್ದರು. ಆಪ್ ಕಳಿಸುವ ನೆನಪೋಲೆಗಳನ್ನು ಬಂದ್ ಮಾಡಿಟ್ಟಿದ್ದರು. ‘ನಂಗೆ ಯಾರೂ ನೆನಪಿಸ್ಬೇಕಾಗಿಲ್ಲ’ ಎಂಬ ಜಂಬ.

ಇಂಗ್ಲೆಂಡಿನವರು ಮಾರ್ಚ್ ಕೊನೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ. ಅಲ್ಲಿ ತಿರುಗಿದರೆ ಇಲ್ಲಿ ನಮ್ಮ ಡೆಡ್‌ಲೈನ್ ಒಂದು ಗಂಟೆ ಮುಂಚೆಯೇ ಬಂದುಬಿಡುತ್ತದೆ. ಕೊನೆಯ ವಾರದ ಕಿಟಕಿ ತೀರ್ಮಾನವಾಗಬೇಕಿದ್ದ ಶನಿವಾರ ಸುಗುಣಕ್ಕ ಕಾಫಿ ಲೋಟ ಕೆಳಗಿಟ್ಟು ಫೋನು ತೆರೆದಾಗ ಬಾಗಿಲು ಮುಚ್ಚಿ ಎಷ್ಟೋ ಹೊತ್ತಾಗಿತ್ತು. ಅವರ ಕ್ಯಾಪ್ಟನ್ ಮೊಣಕಾಲು ಕಟ್ಟಿಕೊಂಡು ಮನೆಯಲ್ಲಿ ಕೂತಿದ್ದ. ಬದಲಿಗೆ ಯಾರನ್ನು ಹಾಕುವವರಿದ್ದರೆಂದು ಶುಕ್ರವಾರ ಲೋಕಲ್‌ನಲ್ಲೇ ನಮಗೆಲ್ಲ ಸಾರಿದ್ದರು. ಆ ಮಹಾರಾಯ ಎರಡು ಗೋಲು ಹೊಡೆದ. ವಾರ ಮುಗಿದಾಗ ಅಪರ್ಣಾ ಮೊದಲು, ಸುಗುಣಕ್ಕ ಕೊನೆ.

“ಇವಳು ಎರಡು ದಿನದಿಂದ ಸರಿಯಾಗಿ ಊಟ ಮಾಡ್ಲಿಲ್ಲ, ವಿನೋದಾ. ಲಂಡನ್ನಿನವರಿಗೆ ಬೈತಾ ಕೂತಿದ್ದಾಳೆ,” ಎಂದು ಹೃಷೀಕೇಶಣ್ಣ ನನಗೆ ಫೋನು ಮಾಡಿದರು. ನಿಜ ಹೇಳುತ್ತೇನೆ, ನನಗೆ ಮೊದಲು ನಗು ಬಂತು. ಆಮೇಲೆ ಬಹಳ ಬೇಸರವಾಯಿತು.

ಸೋಮವಾರ ಬೆಳಿಗ್ಗೆ ಸುಗುಣಕ್ಕ ಬಂದವರೇ ಶುರು ಮಾಡಿದರು. “ಒಂದು ದೇಶ ಅಂದ ಮೇಲೆ ಒಂದು ಟೈಮ್ ಬೇಡ್ವಾ? ಮನಸ್ಸಿಗೆ ಬಂದಾಗ ಗಡಿಯಾರ ತಿರುಗಿಸೂದಾ? ಮೊನ್ನೆ ನಾನು ಇಲ್ಲೇ ಹೇಳಿದ್ದೆ, ಮೂರು ಜನ ಕೇಳಿದ್ದೀರಿ...” ಅಷ್ಟಕ್ಕೇ ಮಾತು ನಿಂತಿತು. ಬಾಯಿಂದ ಬಂದದ್ದು ಯಾರ ವಾದವೆಂದು ಅವರಿಗೇ ಹೊಳೆದಿರಬೇಕು.

“ತೋ ಅಪೀಲ್ ಕರೋ ನಾ, ಆಂಟಿ,” ಎಂದಳು ಅಶ್ಮಿತಾ.

ಅಪರ್ಣಾ ಕಿಟಕಿಯ ಜಾಗದಿಂದ ಎದ್ದು ನಿಂತಳು. “ಅಕ್ಕಾ, ಈ ವಾರ ನೀವು ಇಲ್ಲಿ ಕೂತ್ಕೊಳ್ಳಿ.”

“ದಾನದ ಕಿಟಕಿ ನಂಗೆ ಬೇಡ,” ಎಂದು ಸುಗುಣಕ್ಕ ನಾಲ್ಕನೆಯ ಜಾಗದಲ್ಲಿ ಅರ್ಧ ಸೊಂಟ ಊರಿದರು. ಠಾಣೆ ಸ್ಟೇಷನ್ನಿನಲ್ಲಿ ಹತ್ತಿದ ಹೆಂಗಸೊಬ್ಬಳ ಟಿಫಿನ್ ಚೀಲ ಅವರ ಮೊಣಕೈಗೆ ಬಡಿಯಿತು. ಅದಕ್ಕೂ ಅವರು ಜಗಳಕ್ಕೆ ಹೋಗಲಿಲ್ಲ.

ಮಂಗಳವಾರ ಗಾಡಿ ಹೊರಡುವ ಹೊತ್ತಾದರೂ ಅಪರ್ಣಾ ಡಬ್ಬಿಯ ಬಾಗಿಲಲ್ಲೇ ಬಗ್ಗಿ ನಿಂತಿದ್ದಳು. ನಾನು ಖಾಲಿ ಕಿಟಕಿಗೆ ಬ್ಯಾಗು ಅಡ್ಡವಿಟ್ಟು, ಮೂರು ಭಾಷೆಗಳಲ್ಲಿ ಬೈದು ಜಾಗ ಕಾಯುತ್ತಿದ್ದೆ.

“ಏಯ್, ಬಾ ಕೂತ್ಕೋ, ಈಗ ಹೊರಡ್ತದೆ!” ಸುಗುಣಕ್ಕ ಕೂಗಿದರು.

“ಚಪ್ಪಲಿ ಬಾರು ಸಿಕ್ಕಿಹಾಕ್ಕೊಂಡಿದೆ ಅಕ್ಕಾ!”

ಗಾಡಿ ಅಲ್ಲಾಡಿತು. ಅಪರ್ಣಾ ಮೆಲ್ಲಗೆ ನಡೆದು ಬಂದು ಸುಗುಣಕ್ಕನ ಮುಂದೆ ನಿಂತಳು. “ಛೇ, ಲೇಟಾಯ್ತು. ಇನ್ನು ಕಿಟಕಿ ನಾಲ್ಕನೆಯವಳಿಗೆ. ಸ್ವಲ್ಪ ಎದ್ದೇಳಿ ಅಕ್ಕಾ, ಇದು ನನ್ನ ಜಾಗ.”

ಸುಗುಣಕ್ಕ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಕಿಟಕಿ ನೋಡಿದರು. ನಿಯಮ ಅವರದೇ. ಎದ್ದು ಹೋಗಿ ಕಿಟಕಿಯಲ್ಲಿ ಕೂತರು. ಅದು ದಾನವಲ್ಲ, ಕಾನೂನು.

ಬುಧವಾರ ಅಪರ್ಣಾಳಿಗೆ ಬಾಗಿಲಲ್ಲಿ ಅಮ್ಮನ ಫೋನು ಬಂತು. ಗುರುವಾರ ಕಣ್ಣಿಗೆ ಕಸ ಬಿತ್ತು. ಶುಕ್ರವಾರ, ಸುಗುಣಕ್ಕನ ಕೊನೆಯ ದಿನ, ಅವಳು ಯಾವ ನೆಪವನ್ನೂ ಹುಡುಕದೆ ಬಾಗಿಲಿಗೆ ಒರಗಿ ನಮ್ಮನ್ನೇ ನೋಡುತ್ತ ನಗುತ್ತಿದ್ದಳು. ಗಾಡಿ ಅಲ್ಲಾಡಿದ್ದೇ ತಡ, “ಲೇಟ್!” ಎಂದು ಇಡೀ ಡಬ್ಬಿಗೆ ಕೇಳುವಂತೆ ಕೂಗಿದವರು ಸುಗುಣಕ್ಕನೇ. ಕೂಗುತ್ತಲೇ ಕಿಟಕಿಗೆ ಜರುಗಿಯೂ ಆಗಿತ್ತು.

ಗಾಡಿ ಖಾಡಿಯ ಹತ್ತಿರ ಬಂತು. ಸುಗುಣಕ್ಕ ಮುಖವನ್ನು ಹೊರಗೆ ತಿರುಗಿಸಿಕೊಂಡೇ ಹೇಳಿದರು.

“ಅಪರ್ಣಾ, ಜನವರೀಲಿ ನೀನು ಕೂಗಿದ್ದು ನಂಗೆ ಕೇಳಿತ್ತು.”

ಅಪರ್ಣಾ ನಾಲ್ಕನೆಯ ಜಾಗದಲ್ಲಿ ತೂಗಾಡುತ್ತ ಅಂದಳು, “ಗೊತ್ತುಂಟು ಅಕ್ಕಾ. ಇಡೀ ಮುಂಬ್ರಾಕ್ಕೇ ಕೇಳಿತ್ತು.”