ಒಲೆಗೊಬ್ಬ ಆಳು

ನಮ್ಮೂರಿನ ನ್ಯಾಯ ದೊಡ್ಡದು ಅಂತ ಈಗಲೂ ಯಾರಾದರೂ ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ದೊಡ್ಡದೇ, ನಾನು ಇಲ್ಲ ಅನ್ನುವುದಿಲ್ಲ. ಆ ನ್ಯಾಯವನ್ನು ಉಂಡು ಅರಗಿಸಿಕೊಂಡವಳು ನಾನು, ಅದಕ್ಕೇ ಹೇಳುತ್ತಿದ್ದೇನೆ.

ನಾನು ಮದುವೆಯಾಗಿ ಬಂದ ಊರು ಮಡಕಶಿರದಿಂದ ಅಮರಾಪುರದ ಕಡೆ ಹೋಗುವ ಬಂಡಿಜಾಡಿನಲ್ಲಿತ್ತು. ಆಗ ನಮ್ಮದು ಮದರಾಸು ಸರ್ಕಾರ. ಬೆಟ್ಟದ ಆಚೆ ಮಗ್ಗುಲಿಗೆ ಮೈಸೂರು ಸೀಮೆ. ನಮ್ಮಪ್ಪ ಮಕ್ಕಳಿಗೆ ಮರಳ ಮೇಲೆ ಅಕ್ಷರ ತಿದ್ದಿಸುವ ಐಗಳು, ಹಾಗಾಗಿ ನನಗೂ ನಾಲ್ಕಕ್ಷರ ಬಂದಿತ್ತು. ಗಂಡನ ಮನೆಯಲ್ಲಿ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. ಅಲ್ಲಿದ್ದವರು ನಮ್ಮ ಯಜಮಾನರು, ಕಣ್ಣಿಗೆ ಪೊರೆ ಬಂದು ಬೆಳಕು ನೆರಳು ಮಾತ್ರ ಕಾಣುತ್ತಿದ್ದ ಮಾವ, ಆಮೇಲೆ ನಾನು. ಮೇಲುಹೊಲದಲ್ಲಿ ರಾಗಿ, ಕಡಲೆಕಾಯಿ. ಹಳ್ಳದ ಕೆಳಗೆ ಒಂದು ತುಂಡು ಗದ್ದೆ. ಮೇಲುಹೊಲ ಮಳೆ ಬಂದರೆ ಉಂಟು, ಬರದಿದ್ದರೆ ಇಲ್ಲ. ಗದ್ದೆ ಇದ್ದದ್ದರಿಂದ ನಮ್ಮ ಮನೆಯಲ್ಲಿ ಒಲೆ ಉರಿಯುತ್ತಿತ್ತು.

ಗದ್ದೆಗೆ ನೀರು ತಲಪರಿಗೆಯದು. ಹಳ್ಳದ ಮರಳಿನಲ್ಲಿ ಆಳವಾಗಿ ತೋಡಿದರೆ ಬುಡದಲ್ಲಿ ಊಟೆ, ಅಂದರೆ ನೀರಿನ ಸೆಲೆ, ಏಳುತ್ತದೆ. ಆ ನೀರು ಕಾಲುವೆ ಹಿಡಿದು ಗದ್ದೆಬಯಲಿಗೆ ತಾನೇ ಹರಿಯುತ್ತದೆ; ಏತ ಬೇಡ, ಕಪಿಲೆ ಬೇಡ. ಆದರೆ ಊಟೆಗುಂಡಿಯಲ್ಲಿ ತುಂಬಿದ ಹೂಳನ್ನು ಪ್ರತಿ ಬೇಸಿಗೆ ತೆಗೆಯಬೇಕು. ಅದಕ್ಕೊಂದು ಕಟ್ಟಳೆ: ಒಲೆಗೊಬ್ಬ ಆಳು. ಕೂಲಿಯವನನ್ನು ಕಳಿಸುವಂತಿಲ್ಲ, ನೆಂಟನನ್ನು ಕಳಿಸುವಂತಿಲ್ಲ. ಆ ಒಲೆಯ ಮುಂದೆ ಕೂತು ಉಣ್ಣುವ ಗಂಡಸೇ ಇಳಿಯಬೇಕು. ಇಳಿಯದ ಒಲೆಗೆ ಆ ವರ್ಷ ನೀರಿನ ಸರದಿ ಇಲ್ಲ. ಹೆಂಗಸರು ಮಾತ್ರ ಗುಂಡಿಗೆ ಕಾಲಿಡಬಾರದು, ಗಂಗಮ್ಮ ಮುನಿಯುತ್ತಾಳಂತೆ. ಗೌಡರ ಮಗನೂ ಕಚ್ಚೆ ಕಟ್ಟಿ ಎಲ್ಲರ ಜೊತೆ ಕೆಸರಲ್ಲಿ ನಿಲ್ಲುತ್ತಿದ್ದ. ನನ್ನ ತವರಿನಲ್ಲಿ ಕೆರೆಯ ಹೂಳು ತೆಗೆಯುವಾಗ ಉಳ್ಳವರು ನೆರಳಲ್ಲಿ ಎಲೆಯಡಿಕೆ ಹಾಕುತ್ತಾ ಕೂತಿರುತ್ತಿದ್ದರು. ಅದನ್ನು ಕಂಡಿದ್ದ ನನಗೆ ಈ ಊರು ಬಹಳ ಚೆನ್ನಾಗಿದೆ ಅನಿಸಿತ್ತು.

ಗದ್ದೆಗೆ ನೀರಷ್ಟೇ ಸಾಲದು. ನಾಟಿಗೆ ಮುಂಚೆ ಕೆಸರಿಗೆ ಹಸಿರುಸೊಪ್ಪು ಹಾಕಿ ತುಳಿಯಬೇಕು. ಸೊಪ್ಪು ಬೆಟ್ಟದಿಂದ ಬರುತ್ತಿತ್ತು. ಹೆಂಗಸರೆಲ್ಲ ಹೊರೆ ಹೊತ್ತು ಹರಟುತ್ತಾ ಇಳಿಯುತ್ತಿದ್ದೆವು. ನಾನು ಬಂದ ಸ್ವಲ್ಪ ಕಾಲಕ್ಕೆ ಬೆಟ್ಟ ಸರ್ಕಾರದ ರಿಜರ್ವು ಕಾಡು ಆಯಿತು. ಬುಡದ ಸುತ್ತ ಕಲ್ಲು ನೆಟ್ಟರು, ಖಾಕಿ ಹಾಕಿದ ಗಾರ್ಡು ಬಂದ. ಸೊಪ್ಪಿಗೆ ಪರ್ಮಿಟ್ಟು, ಪರ್ಮಿಟ್ಟಿಗೆ ಮಡಕಶಿರಕ್ಕೆ ನಡೆ, ಅಲ್ಲಿ ಸಾಹೇಬರು ಕ್ಯಾಂಪು ಹೋಗಿದ್ದಾರೆ ಅನ್ನಿಸಿಕೊಂಡು ವಾಪಸ್ಸು ಬಾ. ಕದ್ದು ಹೋದವರ ಕುಡುಗೋಲು ಕಿತ್ತುಕೊಳ್ಳುತ್ತಿದ್ದರು. ನನ್ನದೂ ಹೋಯಿತು.

"ಈ ಬೆಟ್ಟ ಏನು ನಿಮ್ಮಪ್ಪ ನೆಟ್ಟಿದ್ದೇನಯ್ಯ?" ಅಂತ ಗಾರ್ಡಿನ ಮುಖಕ್ಕೇ ಕೇಳಿದೆ.

"ನಮ್ಮಪ್ಪಂದೂ ಅಲ್ಲ, ನಿಮ್ಮಪ್ಪಂದೂ ಅಲ್ಲ ಕಣಮ್ಮ. ಸರ್ಕಾರದ್ದು," ಅಂದು ಕುಡುಗೋಲನ್ನು ಕಂಕುಳಲ್ಲಿಟ್ಟುಕೊಂಡು ಹೋದ.

ತಲಪರಿಗೆಯ ಎರಡೂ ದಂಡೆಗೆ ದೊಡ್ಡ ದೊಡ್ಡ ಹೊಂಗೆಮರಗಳಿದ್ದವು. ಗಂಗಮ್ಮನ ಮರಗಳು ಅಂತ ಅವಕ್ಕೆ ಯಾರೂ ಕಬ್ಬಿಣ ಮುಟ್ಟಿಸುತ್ತಿರಲಿಲ್ಲ. ಬೆಟ್ಟ ಮುಚ್ಚಿದ ಮೇಲೆ ಊರಿನ ಕಣ್ಣು ಅವುಗಳ ಮೇಲೆ ಬಿತ್ತು. ಅರಳಿಕಟ್ಟೆಯಲ್ಲಿ ಸೇರಿ ಮಾತಾಡಿದರು. ಅವತ್ತು ನಮ್ಮ ಯಜಮಾನರು ಮನೆಗೆ ಬಂದದ್ದು ಭಾರಿ ಖುಷಿಯಿಂದ.

"ನೀರು ಹಂಚ್ಕಂಡಂಗೆ ಮರಾನೂ ಹಂಚ್ಕಂಡ್ವಿ ಕಣೆ. ಒಲೆಗೊಂದು ಮರ. ಯಾರ್ಗೂ ಎಚ್ಚಿಲ್ಲ, ಯಾರ್ಗೂ ಕಮ್ಮಿ ಇಲ್ಲ."

"ಗಂಗಮ್ಮಂಗೆ ಎಷ್ಟು ಬಿಟ್ರಿ?" ಅಂದೆ.

"ಅವಳಿಗೇನು ಗದ್ದೆ ಐತೇನೆ?" ಅಂತ ನಕ್ಕರು. ನಾನೂ ನಕ್ಕೆ.

ಮೊದಲ ವರ್ಷ ಸೊಪ್ಪಷ್ಟೇ ಸವರಿದರು. ಮರುವರ್ಷ ಕೊಂಬೆ. ಆಮೇಲೆ ಒಬ್ಬರು ಮಗಳ ಮದುವೆಯ ಅಡುಗೆಗೆ ಸೌದೆಯಿಲ್ಲ ಅಂತ ಮರವನ್ನೇ ಉರುಳಿಸಿದರು. ಅವರ ಪಾಲಿನ ಮರ ತಾನೇ, ಕೇಳುವವರು ಯಾರು? ಪಕ್ಕದವರು ಕಡಿದ ಮೇಲೆ ನಮ್ಮದೊಂದು ಯಾಕೆ ನಿಲ್ಲಬೇಕು ಅಂತ ಇನ್ನೊಬ್ಬರು ಕಡಿದರು. ನಮ್ಮದೂ ಹೋಯಿತು. ಕೊನೆಗೆ ಬುಡವನ್ನೂ ಬೇರನ್ನೂ ಅಗೆದು ಇದ್ದಿಲು ಸುಟ್ಟರು. ಒಬ್ಬರ ಮರಕ್ಕೆ ಇನ್ನೊಬ್ಬರು ಕೈ ಹಚ್ಚಲಿಲ್ಲ, ಒಂದು ಜಗಳ ಆಗಲಿಲ್ಲ. ಅಷ್ಟು ನ್ಯಾಯವಾಗಿ ದಂಡೆ ಬೋಳಾಯಿತು. ಗಾಳಿ ಬೀಸಿದರೆ ಮರಳು ಸುಮ್ಮನೆ ಗುಂಡಿಗೆ ಉದುರುತ್ತಿತ್ತು. ಹಿಡಿದುಕೊಳ್ಳಲು ಬೇರಿದ್ದರೆ ತಾನೇ.

ಆ ಬೇಸಿಗೆ ಹೂಳು ತೆಗೆಯುವ ದಿನ ನಾವು ಹೆಂಗಸರು ಮಧ್ಯಾಹ್ನದ ಮುದ್ದೆ ಹೊತ್ತು ದಂಡೆಗೆ ಹೋದೆವು. ನಮ್ಮ ಯಜಮಾನರು ಎಲ್ಲರಿಗಿಂತ ಒಳಗೆ, ಊಟೆಯ ಬುಡದಲ್ಲಿ ಬಗ್ಗಿ ಮಂಕರಿಗೆ ಮರಳು ತುಂಬುತ್ತಿದ್ದರು. ತಲೆಯೆತ್ತಿ ನೋಡಿ, "ಏನೆ ಸಾರು?" ಅಂದರು.

"ಹುರುಳಿ ಸಾರು," ಅಂದೆ.

ದಂಡೆ ಜಾರಿತು. ದೊಡ್ಡ ಸದ್ದೂ ಆಗಲಿಲ್ಲ, ಬಂಡಿಯಿಂದ ಮರಳು ಸುರಿದ ಹಾಗಾಯಿತು ಅಷ್ಟೆ. ಮಿಕ್ಕವರೆಲ್ಲ ಎಗರಿ ಆಚೆ ಬಂದರು. ಅವರು ಬರಲಿಲ್ಲ. ಅಗೆದಷ್ಟೂ ಮೇಲಿನ ಮರಳು ಮತ್ತೆ ಒಳಕ್ಕೇ ಜಾರುತ್ತಿತ್ತು. ಗೌಡರ ಮಗ ಉಗುರು ಕಿತ್ತುಹೋಗುವ ತನಕ ಬರಿಗೈಯಲ್ಲಿ ಕೆದಕಿದ. ಹೊರಗೆಳೆದಾಗ ಬಾಯಿ ತುಂಬ ಮರಳು ತುಂಬಿತ್ತು. ನಾನೇ ಬೆರಳು ಹಾಕಿ ತೆಗೆದೆ.

ತಿಥಿ ಮುಗಿಯುವ ಮೊದಲೇ ಉಳಿದ ಹೂಳು ತೆಗೆದರು. ತೆಗೆಯದೆ ಏನು ಮಾಡುತ್ತಾರೆ, ನಾಟಿ ಹತ್ತಿರ ಬಂದಿತ್ತು. ಆ ವರ್ಷ ಮೊದಲ ಸರದಿ ನಮ್ಮ ಗದ್ದೆಗೇ ಬಿಟ್ಟರು. ಊರಿಗೆ ಊರೇ ಬಂದು ನಾಟಿ ಹಾಕಿಕೊಟ್ಟಿತು. ಗೌಡರ ಹೆಂಡತಿ ನನ್ನ ಪಕ್ಕದಲ್ಲೇ ಬಗ್ಗಿ ಪೈರು ಊರುತ್ತಾ ಕಣ್ಣೀರು ಹಾಕಿದರು. ಅವರೆಲ್ಲ ಕೆಟ್ಟವರು ಅಂತ ನಾನು ಎಲ್ಲಿ ಹೇಳಿದೆ?

ಮುಂದಿನ ಬೇಸಿಗೆ ನೀರು ಬಿಡುವ ನೀರಗಂಟಿ ಹೂಳಿಗೆ ಆಳು ಕರೆಯಲು ತಮಟೆ ಬಾರಿಸುತ್ತಾ ಬೀದಿಯಲ್ಲಿ ಬಂದ. ನಮ್ಮ ಬಾಗಿಲ ಮುಂದೆ ಮಾತ್ರ ಕೋಲು ನಿಲ್ಲಿಸಿ, ತಲೆ ತಗ್ಗಿಸಿಕೊಂಡು ದಾಟಿದ. ನೆಟ್ಟಗೆ ಅರಳಿಕಟ್ಟೆಗೆ ಹೋದೆ.

"ನಾನೇ ಇಳೀತೀನಿ ಗೌಡ್ರೆ," ಅಂದೆ.

"ಎಂಗಸ್ರು ಇಳಿದ್ರೆ ಊಟೆ ನಿಂತೋಯ್ತದೆ ಕಣವ್ವ. ಊರಿನ ಪಾಪ ಕಟ್ಕಂತೀಯ?"

"ತವರಿಂದ ನನ್ನ ತಮ್ಮನ್ನ ಕರೆಸ್ತೀನಿ."

"ಅವ್ನು ನಿನ್ನ ಒಲೆಯೋನಲ್ವಲ್ಲ ತಾಯಿ. ಇವತ್ತು ತಮ್ಮನ್ನ ಬಿಟ್ರೆ ನಾಳೆ ಉಳ್ಳೋರೆಲ್ಲ ಕೂಲಿಯೋನ್ನ ಕಳಿಸ್ತಾರೆ. ಕಟ್ಟಳೆ ಕೆಟ್ಟೋಯ್ತದೆ."

ನನಗೆ ತಡೆಯಲಾಗಲಿಲ್ಲ. "ನಮ್ಮ ಒಲೆ ಆಳು ಹೋದ್ವರ್ಷಾನೇ ಇಳಿದವ್ರೆ. ಇನ್ನೂ ಮನೆಗೆ ಬಂದಿಲ್ಲ. ಅವ್ರನ್ನೇ ಲೆಕ್ಕಕ್ಕೆ ಹಿಡ್ಕಳಿ," ಅಂದೆ.

ಗೌಡರು ಟವಲಿನಿಂದ ಕಣ್ಣೊರೆಸಿಕೊಂಡರು. ನಾಟಕವಲ್ಲ, ನಿಜವಾಗಿಯೇ ಒರೆಸಿಕೊಂಡರು. ಆಮೇಲೆ, "ಒಂದೊಲೆಗೆ ಬಿಟ್ರೆ ಎಲ್ಲಾ ಒಲೆಗೂ ಬಿಡಬೇಕಾಯ್ತದೆ ಕಣವ್ವ. ನಿಂಗೆ ಹೊಟ್ಟೆಗೆ ಊರು ಕೊಡ್ತದೆ," ಅಂದರು. ಭಿಕ್ಷೆ ಬೇಡ, ನೀರು ಕೊಡಿ ಅಂದೆ. ಕೊಡಲಿಲ್ಲ.

ಇದನ್ನು ಮಾವನಿಗೆ ನಾನು ಹೇಳಲಿಲ್ಲ. ಹೇಗೆ ಹೇಳಲಿ? ನೀರು ಬಿಟ್ಟ ದಿನ ಅವರು ಕೋಲೂರಿಕೊಂಡು ನನ್ನ ಹಿಂದೆಯೇ ಬಂದು ಗದ್ದೆಯ ಬದುವಿನ ಮೇಲೆ ಕೂತರು. ಪಕ್ಕದ ಕಾಲುವೆಯಲ್ಲಿ ನೀರು ಹೋಗುವ ಸದ್ದು ಚೆನ್ನಾಗಿ ಕೇಳುತ್ತಿತ್ತು. "ಬಂತಲ್ಲವ್ವ, ಗದ್ದೆಗೆ ಮಡೆ ಬಿಚ್ಚು," ಅಂದರು. ನಾನು ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತು ಕಾದು, ತಾವೇ ಎದ್ದು ಗದ್ದೆಗೆ ಕಾಲಿಟ್ಟರು. ಪಾದಕ್ಕೆ ಒಣ ಹೆಂಟೆ ಸಿಕ್ಕಿತು. ಇನ್ನೊಂದು ಹೆಜ್ಜೆ ಇಟ್ಟರು, ಅಲ್ಲೂ ಒಣಗಿತ್ತು.

"ಆಳಿಲ್ಲ ಅಂತಾನಾ?"

"ಹೂಂ ಮಾವ."

"ನಾನಿದ್ನಲ್ಲವ್ವ. ನಾನು ಈ ಒಲೆ ಮುಂದೆ ಕುಂತು ಉಣ್ಣಲ್ವ?"

"ನಿಮ್ಗೆ ಏನೂ ಕಾಣಲ್ವಲ್ಲ ಮಾವ."

"ಮರಳು ತುಂಬಾಕೆ ಏನು ಕಾಣ್ಬೇಕು? ಕೈ ಐತಲ್ಲ."

ಆ ವರ್ಷ ಹುರುಳಿ ಬೇಯಿಸಿಕೊಂಡು, ಕಾರೆಹಣ್ಣು ಆಯ್ದುಕೊಂಡು, ಕಂಡವರ ಹೊಲದಲ್ಲಿ ಕಡಲೆಕಾಯಿ ಬಿಡಿಸಿ ಹೇಗೋ ದಿನ ನೂಕಿದೆವು. ಮಾವ ದಿನಕ್ಕೊಂದು ಹೊತ್ತು ಉಂಡು, ಹಸಿವಿಲ್ಲ ಅನ್ನುತ್ತಿದ್ದರು. ಇನ್ನೊಂದು ವರ್ಷ ಹೀಗೇ ಆದರೆ ಇಬ್ಬರೂ ಉಳಿಯುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಮತ್ತೆ ಬೇಸಿಗೆ ಬಂದಾಗ ಮಾವನ ಕೈ ಹಿಡಿದು ನಾನೇ ದಂಡೆಗೆ ಕರೆದುಕೊಂಡು ಹೋದೆ. ಹೊಸದಾಗಿ ಒಂದು ಸಸಿಯನ್ನೂ ಯಾರೂ ನೆಟ್ಟಿರಲಿಲ್ಲ. ನೆಟ್ಟರೆ ಅದು ಯಾರ ಪಾಲಿಗೆ ಅನ್ನುವುದು ತೀರ್ಮಾನವಾಗಿರಲಿಲ್ಲವಂತೆ. ಬೇಡ ಮಾವ ಅಂತ ನಾನು ಅನ್ನಲಿಲ್ಲ. ಬೇಡ ಅಜ್ಜ ಅಂತ ಬೇರೆ ಯಾರೂ ಅನ್ನಲಿಲ್ಲ. ಸೊಂಟಕ್ಕೆ ಹಗ್ಗ ಬಿಗಿದು, ಮಗ ಹೂತುಹೋದ ಜಾಗಕ್ಕೇ ಇಳಿಸಿದರು. ಅವರು ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ಮರಳನ್ನು ತಡವಿ ತಡವಿ ಮಂಕರಿಗೆ ತುಂಬತೊಡಗಿದರು. ಹಗ್ಗದ ಈ ತುದಿ ನನ್ನ ಕೈಯಲ್ಲಿತ್ತು. ಮೇಲಿನಿಂದ ಮರಳು ಸಣ್ಣಗೆ ಅವರ ಬೆನ್ನಿನ ಮೇಲೆ ಉದುರುತ್ತಿತ್ತು.

ಗೌಡರು ನೀರಗಂಟಿಯ ಕಡೆ ತಿರುಗಿ, "ಈ ಒಲೆ ಬಂತು ಕಣಪ್ಪ," ಅಂದರು.

ಆ ವರ್ಷ ನಮ್ಮ ಗದ್ದೆಗೆ ನೀರು ಬಂತು.