ಕಾಲ ಬುಡದ ಗಾಳಿ

ಕೊಟ್ಟೂರಿನ ಹೊರಗೆ, ಮೆಕ್ಕೆಜೋಳ ಒಣಹಾಕಿದ ರಸ್ತೆಯ ಪಕ್ಕ ಹರಪನಹಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ಆಕಾಶ ತಿಳಿಯಾಗಿತ್ತು, ಮರದ ಎಲೆ ಅಲುಗುತ್ತಿರಲಿಲ್ಲ. ಆದರೂ ಜೋಳದ ಹೊಟ್ಟು ನೆಲಕ್ಕಂಟಿಕೊಂಡೇ ಸರಸರ ಹರಿದು ಬಂದು ನನ್ನ ಪಾದ ಮುಚ್ಚಿತು. ಹೌಹಾರಿ ಕಟ್ಟೆ ಹತ್ತಿ ನಿಂತೆ. ಪಕ್ಕದಲ್ಲಿದ್ದ ಮುದುಕಿ ಹಾವೆಂದುಕೊಂಡು ತಾನೂ ಹತ್ತಿದಳು. ನೀವಾದರೂ ನಗಬೇಡಿ, ಕಾರಣ ಹೇಳುತ್ತೇನೆ.

ನಾನು ಜನರೇಟರ್ ಮೆಕ್ಯಾನಿಕ್. ಕೆಲವು ವರ್ಷಗಳ ಹಿಂದೆ ಅಂಟಾರ್ಕ್ಟಿಕಾದ ಕಡಲಂಚಿನ ಸಂಶೋಧನಾ ಠಾಣೆಯೊಂದರಲ್ಲಿ ಕೆಲಸಕ್ಕಿದ್ದೆ. ಜೊತೆಗೆ ಕಾನಹೊಸಹಳ್ಳಿಯ ಕಾಸಿಂ, ನನಗಿಂತ ಚಿಕ್ಕವನು. ನಾನಿದ್ದೇನೆ, ಹೆದರಬೇಡಿ ಎಂದು ಅವನ ತಾಯಿಗೆ ಹೇಳಿ ಕರೆದೊಯ್ದವನೇ ನಾನು. ಅಲ್ಲಿಯ ಗಾಳಿಯ ರೀತಿಯೇ ಬೇರೆ. ಒಳನಾಡಿನ ಹಿಮದ ಎತ್ತರದಲ್ಲಿ ತಣ್ಣಗಾಗಿ, ಭಾರವಾಗಿ, ಇಳಿಜಾರು ಹಿಡಿದು ಕಡಲಿಗೆ ನುಗ್ಗುತ್ತದೆ. ಅದಕ್ಕೆ ಮೋಡ ಬೇಕಿಲ್ಲ, ಗುಡುಗು ಬೇಕಿಲ್ಲ. ಹಿಮದ ಪುಡಿ ಮೊದಲು ಕಣಕಾಲ ಮಟ್ಟಕ್ಕೆ ಹರಿಯುತ್ತದೆ, ಆಮೇಲೆ ಸೊಂಟಕ್ಕೆ, ಆಮೇಲೆ ಕಣ್ಣಿಗೆ. ಅದಕ್ಕೇ ಹೊರಗೆ ಹೋಗುವವರು ಒಂದು ತುದಿ ಠಾಣೆಗೆ ಬಿಗಿದ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳಲೇಬೇಕು. ಆಕಾಶ ನೋಡಬೇಡಿ, ನೆಲ ನೋಡಿ ಎಂದು ಹವಾಮಾನದವರು ನೂರು ಸಲ ಹೇಳಿದ್ದರು. ಆದರೆ ನಾನು ಯಾರ ಮಗ? ಮೋಡ ನೋಡಿ ಬಿತ್ತನೆಗೆ ಕೂರಿಗೆ ಹೂಡುತ್ತಿದ್ದವನ ಮಗ. ಜಂಬ ನೋಡಿ ನನ್ನದು!

ಅಂದು ಕಾವಲಿನ ಪಾಳಿ ನನ್ನದು. ಡೀಸೆಲ್ ಟ್ಯಾಂಕಿನ ವಾಲ್ವ್ ನೋಡಲು ಹೊರಟ ಕಾಸಿಂ ಹಗ್ಗಕ್ಕೆ ಕೈಹಾಕಿದ್ದ. ನಾನು ಕಿಟಕಿಯಿಂದ ಕತ್ತೆತ್ತಿ ನೋಡಿ, ಚೂರೂ ಮೋಡವಿಲ್ಲ, ಹಗ್ಗ ಬಿಡು, ಬೇಗ ಹೋಗಿ ಬಾ ಎಂದೆ. ಹೋದ. ಹತ್ತು ನಿಮಿಷಕ್ಕೆ ಹೊರಗಿನ ನೆಲವೆಲ್ಲ ಹೊಗೆಯಾಡಿತು. ವಾಕಿಟಾಕಿಯಲ್ಲಿ ಅವನ ದನಿ ಬಂತು.

“ಅಣ್ಣಾ, ಮ್ಯಾಲೆ ಆಕಾಶ ನೀಲಿ ಐತಿ. ನನ್ನ ಕೈ ನನಗ ಕಾಣವಲ್ದು.”

ಆಕಾಶ ಕಾಣುತ್ತದೆಂದರೆ ಹಿಮದ ಹೊಗೆ ಆಳೆತ್ತರ ಮಾತ್ರ ಇದೆ. ತಡವಿ ತಡವಿ ಟ್ಯಾಂಕಿನ ಏಣಿ ಹುಡುಕಿ ಮೇಲೆ ಹತ್ತು ಎಂದೆ. ಹತ್ತಿದ, ಆ ತಡಕಾಟದಲ್ಲಿ ಬಲಗೈಯ ಗವಸು ಹಾರಿಹೋಯಿತು. ನಾನು ಹಗ್ಗ ಬಿಗಿದುಕೊಂಡು, ಕೆಂಪು ಬಾವುಟದ ಉದ್ದ ಕೋಲು ಎತ್ತಿ ಹಿಡಿದು ಹೊರಬಿದ್ದೆ. ನನಗೆ ಏನೂ ಕಾಣದು, ಮೇಲೆ ಕೂತವನಿಗೆ ಬಾವುಟ ಕಾಣುತ್ತಿತ್ತು. ಎಡಕ್ಕೆ ಬಾ, ಬಲಕ್ಕೆ ಬಾ ಎಂದು ಅವನೇ ದಾರಿ ಹೇಳಿದ. ಬರಬರುತ್ತ ಮಾತು ತೊದಲತೊಡಗಿತು. ಈ ದನಿ ನಿಂತರೆ ಮುಗಿಯಿತು ಎಂದುಕೊಳ್ಳುತ್ತಿರುವಾಗ ಏಣಿ ನನ್ನ ಕೈಗೆ ಬಡಿಯಿತು.

ಕಾಸಿಂ ಉಳಿದ. ಚಳಿಗೆ ಬಲಗೈಯ ಎರಡು ಬೆರಳು ಹೋದವು. ಹಗ್ಗ ಕಟ್ಟಿಕೊಳ್ಳದೆ ಹೊರಗೆ ಹೋದ ಎಂದು ವರದಿ ಬರೆದವನು ನಾನು. ಸುಳ್ಳಲ್ಲವಲ್ಲ! ಅವನೂ ತುಟಿಪಿಟಕ್ಕೆನ್ನಲಿಲ್ಲ. ಊರಿಗೆ ಬಂದ ಮೇಲೆ ಅವನ ಅಮ್ಮಿ ನನ್ನೆದುರೇ ಮಗನನ್ನು ಬುದ್ಧಿಗೇಡಿ ಎಂದು ಬೈದು, ನನಗೆ ಕೈಮುಗಿದರು. ಇವತ್ತಿಗೂ ಬೈಯುತ್ತಾರಂತೆ. ನಾಚಿಕೆಗೇಡಿ ನಾನು, ಕೇಳಿಸಿಕೊಂಡು ಸುಮ್ಮನಿದ್ದೆ.

ಕಟ್ಟೆಯ ಮೇಲೆ ಇದೆಲ್ಲ ನೆನೆಯುತ್ತ ನಿಂತಿರುವಾಗ ಹರಪನಹಳ್ಳಿ ಬಸ್ಸು ಬಂತು, ಹತ್ತಲಿಲ್ಲ. ಕಾನಹೊಸಹಳ್ಳಿಗೆ ಹೋದೆ. ಕಾಸಿಂ ತನ್ನ ಗ್ಯಾರೇಜಿನಲ್ಲಿ ನಟ್ಟು ಬಿಗಿಯುತ್ತಿದ್ದ. ಹಗ್ಗ ಬಿಡು ಅಂದವನು ನಾನು, ಅದನ್ನು ಬರೆಯಲಿಲ್ಲ ಎಂದೆ. ಅವನು ಪಾನಾ ಕೆಳಗಿಡಲಿಲ್ಲ.

“ನನಗ್ಯಾಕ ಹೇಳ್ತಿ ಅಣ್ಣಾ? ನಾ ಅಲ್ಲೇ ಇದ್ನಲ್ಲ. ಅಮ್ಮಿ ಒಳಗ ಅದಾಳ, ಆಕಿಗೆ ಹೇಳು.”

ಗ್ಯಾರೇಜಿನ ಹಿಂದೆಯೇ ಮನೆ. ಅಮ್ಮಿ ಕೂರು ಎಂದರೂ ಕೂರದೆ, ನಿಂತೇ ಎಲ್ಲ ಹೇಳಿದೆ. ಅಮ್ಮಿ ಎದ್ದು ಗ್ಯಾರೇಜಿಗೆ ಹೋಗಿ, ಗ್ರೀಸು ಮೆತ್ತಿದ ಮಗನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟರು.