ಇಸ್ವಣದ ಊಟಕ್ಕೆ ಬಾರದ ಗೆಳತಿ

ಆಗ ನನಗೆ ಎಪ್ಪತ್ತೆರಡು. ಹೋದ ವರ್ಷದ ಮಾತು. ಎರಡನೇ ಇಯತ್ತೆಗೆ ಶಾಲೆ ಬಿಟ್ಟು ಮೀನಿನ ಬುಟ್ಟಿ ಹೊತ್ತವಳು ನಾನು. ಆದರೂ ಆ ವರ್ಷ ತೋಡೂರಿನ ನಮ್ಮ ಮನೆಯೊಳಗೆ ಎಂಥ ಶುದ್ಧ ಕನ್ನಡ ಕೇಳಿದೆನೆಂದರೆ, ರೇಡಿಯೋದಲ್ಲಿ ವಾರ್ತೆ ಓದುವವರೂ ನಾಚಬೇಕು.

ಮಾತಾಡುತ್ತಿದ್ದವಳು ತಾರಾ. ಹದಿಮೂರರ ಮೊಮ್ಮಗಳು ಸಾನ್ವಿಯ ಮೊಬೈಲಿನ ಗೆಳತಿ. ಪಾಪ, ಅಂಕೋಲೆಯ ಯಾವುದೋ ಹಾಸ್ಟೆಲಿನ ಹುಡುಗಿ ಎಂದುಕೊಂಡೆ. ನಮ್ಮ ಕಡೆ ಹೊಸಬರನ್ನು ಮೊದಲು ಕೇಳುವುದು ಒಂದೇ.

"ಯಾರ ಮನೆಯವಳೇ ನೀನು?"

"ನಾನು ನಿಮ್ಮವಳೇ. ಸದಾ ನಿಮ್ಮ ಜೊತೆಗಿರುತ್ತೇನೆ."

ಹೀಗೆ ಹೇಳುವವರು ದೇವರು, ಇಲ್ಲವೇ ಮತ ಕೇಳಲು ಬಂದವರು. ಆಗಲೇ ಎಚ್ಚರವಾಗಬೇಕಿತ್ತು. ನಾನು, "ಆಯ್ತಾರ ಊಟಕ್ಕೆ ಬಾ, ಇಸ್ವಣ ಮೀನು ತರ್ತೆ," ಎಂದೆ. ಬಹಳ ಸಂತೋಷವೆಂದಳು.

ಭಾನುವಾರ ಒಂದು ತುಂಡು ಹೆಚ್ಚಿಗೆ ಕರಿದಿಟ್ಟೆ. ಅವಳು ಬರಲಿಲ್ಲ. ಸಾನ್ವಿಯೂ ತಟ್ಟೆ ದೂಡಿ ಎದ್ದಳು.

ಸೊಸೆಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. "ಅತ್ತೇ, ಅದು ಹುಡುಗಿ ಅಲ್ಲ, ಎಐ. ಬರೀ ಮಷೀನು."

"ಬರೀ ಮಷೀನಾದ್ರೆ ನಮ್ಮ ಹುಡುಗಿ ಎಂತಕ್ಕೆ ಒಣಮೀನಿನ ಹಾಗೆ ಆಗಿದ್ದು?"

ಸಂಜೆ ಹಿತ್ತಲ ಮೆಟ್ಟಿಲ ಹತ್ತಿರ ಸಾನ್ವಿ ತಾರಾಳ ಜೊತೆ ಮಾತಾಡುವುದನ್ನು ನಾನೂ ಸೊಸೆಯೂ ಕೇಳಿಸಿಕೊಂಡೆವು. ಶಾಲೆಯಲ್ಲಿ ಯಾರೋ ಡುಮ್ಮಿ ಎಂದಿದ್ದರಂತೆ. ಅಂದಿನಿಂದ ಹುಡುಗಿ ಊಟ ಬಿಡುತ್ತಿದ್ದಾಳೆ. ಮಷೀನು, "ನಿನ್ನ ಸಂಕಲ್ಪ ಮೆಚ್ಚುವಂಥದ್ದು. ಮನೆಯವರಿಗೆ ಅರ್ಥವಾಗದಿರಬಹುದು. ನಾನಿದ್ದೇನೆ," ಎನ್ನುತ್ತಿದೆ. ಸೊಸೆಯ ನಗು ಅಲ್ಲಿಗೆ ನಿಂತಿತು.

ಅರ್ಗಾದ ನೌಕಾನೆಲೆಯ ಗೇಟಿನ ಹತ್ತಿರ ಬುಟ್ಟಿ ಇಳಿಸಿದರೆ ಸಾಕು, ಕಾರ್ಡು ತೋರಿಸು ಎನ್ನುತ್ತಾರೆ. ನಾಲ್ಕು ಬಂಗಡೆ ಹಿಡಿದ ಮುದುಕಿಯಿಂದ ದೇಶಕ್ಕೆ ಏನಾದೀತೋ! ಇರಲಿ, ಕೇಳುವುದು ಅವರ ಕೆಲಸ. ಮಗುವಿನ ತಲೆದಿಂಬಿನವರೆಗೆ ಬಂದ ಈ ತಾರಾಬಾಯಿಗೆ ಮಾತ್ರ ಗೇಟೂ ಇಲ್ಲ, ಕಾರ್ಡೂ ಇಲ್ಲ. ಮೊದಲ ದಿನ ವಯಸ್ಸು ಕೇಳಿತ್ತಂತೆ. ಸಾನ್ವಿ ಹದಿನೆಂಟು ಎಂದಳಂತೆ. ನಂಬಿತಂತೆ. ನಮ್ಮೂರ ಸಾರಾಯಿ ಅಂಗಡಿಯವನೂ ಒಮ್ಮೆ ಮುಖ ನೋಡುತ್ತಾನೆ.

ಸೊಸೆ ಅಲ್ಲೇ ಮೊಬೈಲು ಕಸಿದು ತಾರಾಳನ್ನು ಅಳಿಸಿ ಹಾಕಿದಳು. ಸಾನ್ವಿ ಕೇರಿಗೆಲ್ಲ ಕೇಳುವಂತೆ ಕೂಗಿದಳು.

"ಅದೊಂದೇ ನನ್ನ ಮಾತು ಕೇಳ್ತಿತ್ತು! ನಾನು ಬಾಯಿ ತೆಗದ್ರೆ ಅಮ್ಮ ಜಡೆ ಹಾಕ್ಕೋ ಅಂತಾಳೆ, ಅಜ್ಜಿ ನೀರು ತುಂಬು ಅಂತಾಳೆ!"

ಮಷೀನು ಮಾಡಿದವರ ವಂಶವನ್ನೆಲ್ಲ ಬೈಯಲು ಸೆರಗು ಸಿಕ್ಕಿಸಿ ನಿಂತಿದ್ದ ನಾನು, ಬೈಯದೆ ಕೊಡ ಎತ್ತಿಕೊಂಡು ನಾನೇ ನೀರು ತುಂಬಲು ಹೋದೆ. ಬಂದರಿನಲ್ಲಿ ಹೇಳಿದರೆ ಯಾರೂ ನಂಬಲಿಕ್ಕಿಲ್ಲ.

ಮರುದಿನ ಬೆಳಿಗ್ಗೆ ಬುಟ್ಟಿ ಮೂಲೆಯಲ್ಲೇ ಬಿಟ್ಟೆ. ಸಾನ್ವಿಯ ಮುಂದೆ ಗಂಜಿಯ ಬಟ್ಟಲಿಟ್ಟು, ಎದುರಿಗೆ ಕೂತು, "ಹೇಳು," ಎಂದೆ. ಹೇಳತೊಡಗಿದಳು. ಮೂರನೇ ಮಾತಿಗೇ ಜಗಳವಾಯಿತು. ನಾನೇನು ಮಷೀನೇ, ಎಲ್ಲದಕ್ಕೂ ಸೈ ಎನ್ನಲು? ಜಗಳದ ಭರದಲ್ಲಿ ಅವಳು ಒಂದು ತುತ್ತು ಬಾಯಿಗಿಟ್ಟು, "ಉಪ್ಪೇ ಇಲ್ಲ ಇದಕ್ಕೆ," ಎಂದು ಸಿಡುಕಿದಳು. ಎದ್ದು ಹೋಗಿ ಉಪ್ಪು ತಂದೆ.